ವರ್ಲಮ್ಮನ ಬೋಗುಣಿ

ಆ ಊರಿಗೆ ಹೋದ ಮೂರನೆಯ ದಿನ ನಾನು ನೀರು ಕದ್ದೆ. ಕದ್ದೆ ಎಂಬುದು ಗೊತ್ತಾದದ್ದು ಸ್ವಲ್ಪ ಹೊತ್ತಿನ ಮೇಲೆ.

೧೯೯೭ರ ಜೂನ್ ತಿಂಗಳು. ಬೆಳಿಗ್ಗೆ ಬಾಡಿಗೆ ಮನೆಯ ಮುಂದೆ ನಿಂತಿದ್ದೆ. ರಸ್ತೆ ತುಮಕೂರಿನ ದೊಡ್ಡ ರಸ್ತೆಗಿಂತ ಅಗಲವಾಗಿತ್ತು, ಆದರೆ ಅದರ ಮೇಲೆ ಒಂದು ನಾಯಿಯೂ ಇರಲಿಲ್ಲ. ಹಿಂದಿನ ದಿನ ಬಿರುಕು ಬಿಟ್ಟುಕೊಂಡು ಬಿದ್ದಿದ್ದ ರಸ್ತೆಬದಿಯ ಕಾಲುವೆಯಲ್ಲಿ ಇದ್ದಕ್ಕಿದ್ದಂತೆ ನೀರು ಬಂತು. ತಿಳಿನೀರು. ಕೈಯಿಟ್ಟರೆ ಮೂಳೆ ನೋಯುವಷ್ಟು ತಣ್ಣಗಿತ್ತು. ಆಕಾಶದಲ್ಲಿ ಮೋಡವಿಲ್ಲ, ಕಾಲುವೆಯ ಹತ್ತಿರ ಮನುಷ್ಯರಿಲ್ಲ. ಗೂಳೂರಿನ ಹತ್ತಿರದ ಹಳ್ಳಿಯೊಂದರ ತೆಂಗಿನ ತೋಟದಲ್ಲಿ ಬೆಳೆದ ನನಗೆ ಹರಿದು ಹೋಗುವ ನೀರನ್ನು ಸುಮ್ಮನೆ ನೋಡುತ್ತಾ ನಿಲ್ಲುವುದು ಗೊತ್ತಿಲ್ಲ. ಮನೆಯ ಹಿಂದೆ ಒಣಗಿದ ಹಿತ್ತಿಲಿತ್ತು, ಶೆಡ್ಡಿನಲ್ಲಿ ಸನಿಕೆಯಿತ್ತು. ಕಾಲುವೆಗೆ ಎರಡು ಕಲ್ಲು ಅಡ್ಡ ಇಟ್ಟು, ಹುಲ್ಲಿನ ಹೆಂಟೆ ಒತ್ತಿ, ಮಣ್ಣು ಮೆತ್ತಿ, ನೀರನ್ನು ಹಿತ್ತಿಲಿಗೆ ತಿರುಗಿಸಿಕೊಂಡೆ. ಹೊಸ ದೇಶದಲ್ಲಿ ನನಗೆ ಬರುವ ಕೆಲಸ ಒಂದಾದರೂ ಸಿಕ್ಕಿತಲ್ಲ ಎಂದು ಸೀರೆ ಎತ್ತಿಕಟ್ಟಿ ಕೆಸರಿನಲ್ಲಿ ನಿಂತು ಖುಷಿಪಟ್ಟೆ.

ಪಕ್ಕದ ಮನೆಯಿಂದ ಒಬ್ಬ ಮುದುಕಿ ಬಂದರು. ಎಪ್ಪತ್ತು ದಾಟಿದವರು. ಹೂವಿನ ಫ್ರಾಕು, ಗಂಡಸರ ರಬ್ಬರ್ ಬೂಟು, ಹೆಗಲ ಮೇಲೆ ಸನಿಕೆ. ನನ್ನ ಮುಖ ನೋಡಲಿಲ್ಲ, ಕೈಗಡಿಯಾರ ನೋಡಿಕೊಂಡರು.

"ಹತ್ತೂ ನಲವತ್ತರಿಂದ ಹನ್ನೊಂದೂ ಹತ್ತರ ತನಕ ಈ ನೀರು ನಂದು. ನೀನು ಅದ್ರಲ್ಲಿ ಒಂಬತ್ತು ನಿಮಿಷ ತಿಂದ್ಬುಟ್ಟೆ."

"ಸುಮ್ನೆ ಹೋಗ್ತಿತ್ತು..." ಎಂದೆ.

"ಸುಮ್ನೆ ಹೋಗ್ತಿತ್ತಾ? ಈ ಊರಲ್ಲಿ ನೀರು ಸುಮ್ನೆ ಹೋಗಲ್ಲ ಕಣವ್ವ. ಇಲ್ಲಿ ಗಂಡನ್ನ ಕದ್ರೆ ಒಂದು ವರ್ಷಕ್ಕೆ ಮರೀತಾರೆ. ನೀರು ಕದ್ರೆ ಮೊಮ್ಮಕ್ಕಳ ಕಾಲಕ್ಕೂ ಆಡ್ಕೋತಾರೆ."

ಅವರು ಆಡಿದ್ದು ಇಂಗ್ಲಿಷು. ಆದರೆ ನಾನು ಓದಿ ಪಾಸಾದ ಇಂಗ್ಲಿಷಲ್ಲ. ಪದಗಳ ಕೊನೆ ನುಂಗಿ, ಮಧ್ಯವನ್ನು ಎಳೆದು ಆಡುವ ಆ ಮಾತು ನನ್ನ ಕಿವಿಗೆ ಊರ್ಡಿಗೆರೆಯ ಕಡೆಯ ಹೆಂಗಸರ ಮಾತಿನಂತೆ ಕೇಳಿಸುತ್ತಿತ್ತು. ಹಾಗೆಂದೇ ಹಾಗೆ ಬರೆದಿದ್ದೇನೆ. ಇದು ಅನುವಾದವೋ ನನ್ನ ಆಸೆಯೋ ನನಗೇ ಖಚಿತವಿಲ್ಲ.

ಅವರ ಹೆಸರು ವರ್ಲಾ. ನನ್ನ ಡೈರಿಯಲ್ಲಿ ಅವರು ಆ ವಾರದಿಂದಲೇ ವರ್ಲಮ್ಮ.

ನಾವು ಅಲ್ಲಿಗೆ ಹೋದದ್ದು ಆರಿಸಿಕೊಂಡಲ್ಲ. ನನ್ನ ಗಂಡ ಮೂರ್ತಿ ಕುಣಿಗಲ್ ಕಡೆಯವರು, ವೈದ್ಯರು. ಅವರು ಅಮೆರಿಕದಲ್ಲಿ ತರಬೇತಿಯಲ್ಲಿದ್ದಷ್ಟು ಕಾಲ ನಾನು ತುಮಕೂರಿನಲ್ಲಿದ್ದು, ದಿನಾ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ತರಬೇತಿ ಮುಗಿದವರು ಆ ದೇಶದಲ್ಲಿ ಉಳಿಯಬೇಕಾದರೆ ಡಾಕ್ಟರಿಲ್ಲದ ಊರಿನಲ್ಲಿ ಮೂರು ವರ್ಷ ಕೆಲಸ ಮಾಡಬೇಕೆಂಬ ನಿಯಮವಿತ್ತು. ಬಂದ ಕಾಗದದಲ್ಲಿ ಯೂಟಾ ರಾಜ್ಯದ ಈ ಊರಿನ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳುವುದು ಆ ಊರಿನವರ ಮನೆಯ ವಿಷಯ.

ಊರಿನಲ್ಲಿ ಹೆಚ್ಚೆಂದರೆ ಏಳುನೂರು ಜನ. ನಮ್ಮಿಬ್ಬರನ್ನೂ ಪೆಟ್ರೋಲ್ ಬಂಕಿನವನನ್ನೂ ಬಿಟ್ಟರೆ ಎಲ್ಲರೂ ಮಾರ್ಮನರು. ಮಾರ್ಮನರೆಂದರೆ ಕ್ರೈಸ್ತರಲ್ಲೇ ಬೇರೆಯಾಗಿ ನಿಂತ ಒಂದು ಪಂಥದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಪೂರ್ವದ ಊರುಗಳಿಂದ ಇವರನ್ನು ಹೊಡೆದೋಡಿಸಿದರು. ಎತ್ತಿನ ಗಾಡಿ ಹೂಡಿ, ಕೈಗಾಡಿ ಎಳೆದು, ತಿಂಗಳುಗಟ್ಟಲೆ ನಡೆದು, ಯಾರಿಗೂ ಬೇಡವಾದ ಈ ಒಣ ನೆಲಕ್ಕೆ ಬಂದರು. ಬಂದವರು ಒಂದೇ ಕಡೆ ನೆಲೆಯಾಗಲಿಲ್ಲ. ಮುಖ್ಯ ಊರಿನ ಸಭೆಯಲ್ಲಿ ಗುರುಗಳು ಹೆಸರು ಓದುತ್ತಿದ್ದರಂತೆ: ಇಂಥಿಂಥವರು ಹೊರಡಿ, ಇಂಥ ಕಣಿವೆಯಲ್ಲಿ ಊರು ಕಟ್ಟಿ. ಇದಕ್ಕೆ ಅವರು 'ಕಾಲಿಂಗ್' ಎನ್ನುತ್ತಾರೆ, ಅಂದರೆ ಕರೆ. ಆಗತಾನೆ ಮನೆಗೆ ಚಾವಣಿ ಹಾಕಿದವರೂ ಬಿಟ್ಟು ಹೊರಡುತ್ತಿದ್ದರು. ಹಾಗೆ ಕರೆ ಬಂದ ಇಪ್ಪತ್ತೊಂದು ಕುಟುಂಬಗಳು ಈ ಊರಿನ ಮೂಲ. ಮೊದಲ ಚಳಿಗಾಲ ದಿಬ್ಬದ ಮಗ್ಗುಲಲ್ಲಿ ಗವಿ ತೋಡಿ ಬದುಕಿದರು. ಹಿಮ ಕರಗಿದಾಗ ಮನೆಗಿಂತ ಮೊದಲು ಕಾಲುವೆ ತೋಡಿದರು. ಆಮೇಲೆ ಊರನ್ನು ಚೌಕಚೌಕವಾಗಿ ಅಳೆದು, ಟೋಪಿಯಲ್ಲಿ ಚೀಟಿ ಹಾಕಿ ಎತ್ತಿ, ಮನೆಯ ಜಾಗ ಹಂಚಿಕೊಂಡರು.

ನಮ್ಮ ಹಳ್ಳಿಯನ್ನು ಯಾರು ಕಟ್ಟಿದರೆಂದು ಕೇಳಿದರೆ ಯಾರೂ ಹೇಳಲಾರರು. ಮಾರಮ್ಮನ ಗುಡಿ ಮೊದಲೋ ಕೆರೆ ಮೊದಲೋ ಎಂಬ ಜಗಳ ನಾನು ಹುಟ್ಟುವ ಮೊದಲಿನಿಂದ ಇದೆ. ಇಲ್ಲಿಯೋ, ಮೊದಲ ಚೀಟಿ ಎತ್ತಿದ ಕೈ ಯಾರದು, ಗವಿಯಲ್ಲಿ ಹುಟ್ಟಿದ ಮೊದಲ ಮಗು ಯಾವುದು, ಎಲ್ಲವೂ ಬರೆದಿಟ್ಟದ್ದು. ಡೈರಿ ಬರೆಯುವುದು ಇವರಲ್ಲಿ ಹೆಚ್ಚುಕಡಿಮೆ ಒಂದು ಧರ್ಮಕಾರ್ಯ. ಹದಿನಾಲ್ಕನೆಯ ವಯಸ್ಸಿನಿಂದ ಡೈರಿ ಬರೆದು, ಅದಕ್ಕಾಗಿ ಮನೆಯಲ್ಲಿ ನಗೆಪಾಟಲಾದ ನನಗೆ ಈ ಒಂದು ವಿಷಯದಲ್ಲಿ ತವರಿಗೆ ಬಂದಂತಾಯಿತು.

ಉಳಿದದ್ದರಲ್ಲಿ ಆಗಲಿಲ್ಲ. ತಂದಿದ್ದ ರಾಗಿ ಹಿಟ್ಟು ಎರಡು ತಿಂಗಳಿಗೆ ಮುಗಿಯಿತು. ಚಳಿಗಾಲದಲ್ಲಿ ಮೂರ್ತಿ ಆಸ್ಪತ್ರೆಗೆ ಹೋದ ಮೇಲೆ ಸಂಜೆಯವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಕೆಲವು ದಿನ ಗುಬ್ಬಿಯ ಹುಡುಗರಿಗೆ ಮಾಡಿದ ಪಾಠವನ್ನೇ ಅಡುಗೆಮನೆಯಲ್ಲಿ ಜೋರಾಗಿ ಮಾಡಿದ್ದುಂಟು. ಎಲ್ಲಕ್ಕಿಂತ ಕಷ್ಟವಾದದ್ದು ಕಾಫಿ. ಮಾರ್ಮನರಿಗೆ ಕಾಫಿ ನಿಷಿದ್ಧ. ಅಂಗಡಿಯಲ್ಲಿ ಸಿಗುತ್ತಿದ್ದ ಒಂದೇ ಡಬ್ಬಿಯನ್ನು ಅಂಗಡಿಯಾಕೆ ಕಾಗದದ ಚೀಲಕ್ಕೆ ಹಾಕಿ, ಬಾಯಿ ಮಡಿಚಿ ಕೊಡುತ್ತಿದ್ದಳು, ನಮ್ಮಲ್ಲಿ ಬ್ರಾಂದಿ ಕೊಡುವಂತೆ. ನಾನು ಕಿಟಕಿ ಮುಚ್ಚಿ ಕಾಫಿ ಮಾಡುತ್ತಿದ್ದೆ. ಒಂದು ದಿನ ಹಾಗೆ ಮಾಡುತ್ತಿರುವಾಗಲೇ ವರ್ಲಮ್ಮ ಹಿಂಬಾಗಿಲಿನಿಂದ ಒಳಗೆ ಬಂದುಬಿಟ್ಟರು. ನಾನು ಪಾತ್ರೆಯ ಮೇಲೆ ತಟ್ಟೆ ಮುಚ್ಚಿದೆ.

"ಮುಚ್ಚಬ್ಯಾಡ ಬುಡು. ಕುಡೀಬ್ಯಾಡಿ ಅಂದವ್ರೆ. ಮೂಗು ಮುಚ್ಕಳಿ ಅಂತ ಯಾರೂ ಅಂದಿಲ್ಲ" ಎಂದು ಕುರ್ಚಿ ಎಳೆದು ಕೂತರು. ಆಮೇಲೆ ಏಳು ವರ್ಷ, ನಾನು ಕಾಫಿ ಮಾಡುವ ಹೊತ್ತಿಗೆ ಸರಿಯಾಗಿ ಏನೋ ನೆಪ ಮಾಡಿಕೊಂಡು ಬರುತ್ತಿದ್ದರು. ಒಂದು ತೊಟ್ಟೂ ಕುಡಿಯಲಿಲ್ಲ.

ಅವರ ಮನೆಯ ನೆಲಮಾಳಿಗೆಯಲ್ಲಿ ಒಂದು ವರ್ಷಕ್ಕಾಗುವಷ್ಟು ಗೋಧಿ ತಗಡಿನ ಡಬ್ಬಗಳಲ್ಲಿತ್ತು. ಕೆಟ್ಟ ಕಾಲಕ್ಕೆಂದು ಪ್ರತಿ ಮನೆಯವರೂ ಹೀಗೆ ಇಟ್ಟುಕೊಳ್ಳಬೇಕೆಂಬುದು ಅವರ ಸಂಪ್ರದಾಯ. ನೋಡಿದ ಕೂಡಲೇ ನನಗೆ ನಮ್ಮ ಮನೆಯ ಹಗೇವು ನೆನಪಾಯಿತು. ಅಂಗಳದಲ್ಲಿ ನೆಲ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಕಲ್ಲು ಮುಚ್ಚುವ ಗುಂಡಿ ಅದು. ಅದನ್ನು ತೆರೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ಕೊಲ್ಲುತ್ತದೆ ಎಂದು ವಿವರಿಸಿದೆ. "ಮೊದ್ಲು ಯಾರು ಇಳೀತಿದ್ರು?" ಎಂದು ಕೇಳಿದರು. ನಾನು ಯೋಚಿಸಿದೆ. "ಆಳುಗಳು" ಎಂದೆ.

ಆ ಮೊದಲ ಬೇಸಿಗೆಯಿಂದಲೇ ನಮ್ಮ ಹಿತ್ತಿಲಿಗೂ ನೀರಿನ ಸರದಿ ಸಿಕ್ಕಿತು. ಬುಧವಾರ ಹನ್ನೊಂದೂ ಹತ್ತಕ್ಕೆ, ವರ್ಲಮ್ಮನ ನಂತರ. ಅಲ್ಲಿಯ ಕ್ರಮ ಇದು: ಪ್ರತಿ ಮನೆಯ ಎದುರು ಕಾಲುವೆಗೆ ಒಂದು ಹಲಗೆ. ನಿಮ್ಮ ಹೊತ್ತು ಬಂದಾಗ ಹಲಗೆ ಎತ್ತಿದರೆ ನೀರು ನಿಮ್ಮ ನೆಲಕ್ಕೆ. ಹೊತ್ತು ಮುಗಿದವರು ತಮ್ಮ ಹಲಗೆ ಇಳಿಸಿ, ಮುಂದಿನವರ ಬಾಗಿಲು ತಟ್ಟಿ, "ನೀರು ನಿಂದು" ಎಂದು ಹೇಳಬೇಕು. ಹೇಳದೆ ಹೋಗುವಂತಿಲ್ಲ. ವರ್ಷವೂ ಊರಿನವರು ಸೇರಿ ಒಬ್ಬರನ್ನು ಇದರ ಮೇಲ್ವಿಚಾರಣೆಗೆ ಆರಿಸುತ್ತಾರೆ. ಅವರ ಹೆಸರು ವಾಟರ್‌ಮಾಸ್ಟರ್. ನಮ್ಮ ಕಡೆಯ ನೀರುಗಂಟಿಯೇ ಎಂದು ನಾನು ಮೂರ್ತಿಗೆ ಹೇಳಿದೆ. ವ್ಯತ್ಯಾಸ ಒಂದೇ: ಇಲ್ಲಿಯ ನೀರುಗಂಟಿ ಭಾನುವಾರ ಚರ್ಚಿನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ.

"ಕುಣಿಗಲ್ ಕೆರೆ ನೋಡಿದವ್ನಿಗೆ ಇದೊಂದು ಚರಂಡಿ ಕಣೇ ಗಿರಿಜಾ" ಎಂದರು ಮೂರ್ತಿ. "ಇದಕ್ಕೆ ಮಾಸ್ಟರ್ ಬೇರೆ!"

ನಮ್ಮೂರಿನ ನೀರುಗಂಟಿ ಕೆಂಚಯ್ಯ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದವರು. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದನ್ನು ಗಡಿಯಾರವಿಲ್ಲದೆ ಬಿಸಿಲಿನ ನೆರಳಲ್ಲಿ ಹೇಳುತ್ತಿದ್ದರು. ಕೋಲೊಂದನ್ನು ನೆಲಕ್ಕೆ ಎಳೆಯುತ್ತಾ ಮುಂದೆ ನಡೆದರೆ ಹಿಂದೆ ನೀರು ಬರುತ್ತಿತ್ತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೂಬಿನ ಮೆಟ್ಟಿಲಿಳಿದು, ನೀರು ನುಗ್ಗುವುದನ್ನು ತೋರಿಸುತ್ತಿದ್ದರು. ಅವರ ತಲೆಯ ವಸ್ತ್ರದ ಒದ್ದೆ ವಾಸನೆ ನನಗೆ ಈಗಲೂ ಗೊತ್ತು. ಇದನ್ನು ವರ್ಲಮ್ಮನಿಗೆ ಎಷ್ಟು ಸಲ ಹೇಳಿದ್ದೆನೆಂದರೆ, ಅವರು "ನಿನ್ ಕೆಂಚಯ್ಯ" ಎಂದೇ ಅನ್ನುತ್ತಿದ್ದರು.

ಊರಿನ ಜನ ವರ್ಲಮ್ಮನಿಗೆ ತೋರಿಸುತ್ತಿದ್ದ ಗೌರವಕ್ಕೆ ಒಂದು ಬೋಗುಣಿ ಕಾರಣ. ಅವರ ಮುತ್ತಜ್ಜ ಐಸಾಕ್ ಮೊದಲ ಇಪ್ಪತ್ತೊಂದು ಕುಟುಂಬದವರಲ್ಲಿ ಒಬ್ಬ. ಕಾಲುವೆಯ ದಾರಿ ಗುರುತಿಸಲು ಯಾವ ಉಪಕರಣವೂ ಇಲ್ಲದಿದ್ದಾಗ ಅವನು ಹಾಲು ಕೆನೆಗಟ್ಟಿಸುವ ಅಗಲವಾದ ತಗಡಿನ ಬೋಗುಣಿಗೆ ನೀರು ತುಂಬಿ, ಹಲಗೆಯ ಮೇಲಿಟ್ಟು, ನಿಂತ ನೀರಿನ ಮಟ್ಟಕ್ಕೆ ಕಣ್ಣು ಹಿಡಿದು ಇಳಿಜಾರು ನೋಡಿದನಂತೆ. ಹಾಗೆ ನಾಲ್ಕು ಮೈಲಿ ಗೂಟ ಹೊಡೆದನಂತೆ. ಊರಿನ ಪ್ರತಿ ಮಗುವಿಗೂ ಈ ಕತೆ ಗೊತ್ತು. ಜುಲೈ ತಿಂಗಳಲ್ಲಿ ಊರು ಸ್ಥಾಪನೆಯ ಹಬ್ಬ ನಡೆಯುತ್ತದೆ. ಅಜ್ಜಿಯರ ಕಾಲದ ಟೋಪಿ, ನಿಲುವಂಗಿ ತೊಟ್ಟು, ಕೈಗಾಡಿ ಎಳೆದುಕೊಂಡು ಎಲ್ಲರೂ ಮೆರವಣಿಗೆ ಹೊರಡುತ್ತಾರೆ. ಎಲ್ಲರಿಗಿಂತ ಮುಂದೆ ವರ್ಲಮ್ಮ, ಎರಡೂ ಕೈಯಲ್ಲಿ ಬೋಗುಣಿ ಹಿಡಿದು.

ನಮ್ಮ ಮೂರನೆಯ ವರ್ಷದ ವಸಂತದಲ್ಲಿ ಬಿಷಪ್ಪರು ಮನೆಗೆ ಬಂದರು. ಅಲ್ಲಿ ಬಿಷಪ್ಪರೆಂದರೆ ಸಂಬಳದ ಪಾದ್ರಿಯಲ್ಲ, ಊರಿನವರಲ್ಲೇ ಒಬ್ಬ. ಇವರು ಟರ್ಕಿ ಕೋಳಿ ಸಾಕುತ್ತಿದ್ದರು. ಪುಟ್ಟ ಗ್ರಂಥಾಲಯದ ಪೆಟ್ಟಿಗೆಗಳಲ್ಲಿ ಮೊದಲ ತಲೆಮಾರಿನವರ ಡೈರಿಗಳಿದ್ದವು. ಅವನ್ನು ಓದಿ ಶುದ್ಧಪ್ರತಿ ಮಾಡಬೇಕು, ಹಬ್ಬದ ದಿನ ಒಂದು ಪುಟ ಎಲ್ಲರಿಗೂ ಓದಿ ಹೇಳಬೇಕು ಎಂದರು.

"ನಿಮ್ಮೂರಿನ ಹೆಂಗಸರೇ ಓದ್ಬಹುದಲ್ಲ?" ಎಂದೆ.

"ನಮ್ಮೋರು ಓದಿದ್ರೆ ಅವರವರ ತಾತನ ಪುಟಾನೇ ಓದ್ತಾರೆ. ಜಗಳ ಆಯ್ತದೆ. ನಿಮಗೆ ಇಲ್ಲಿ ತಾತ ಇಲ್ವಲ್ಲ, ಅದಕ್ಕೇ" ಎಂದು ನಕ್ಕರು. ಆ ಊರಿನಲ್ಲಿ ನನಗೊಂದು ಉಪಯೋಗ ಸಿಕ್ಕಿದ್ದು ಅದೇ ಮೊದಲು. ಮೂರು ವರ್ಷ ಮುಗಿದ ಮೇಲೆ ದೊಡ್ಡ ಪಟ್ಟಣಕ್ಕೆ ಹೋಗೋಣವೆಂದು ಮೂರ್ತಿ ಆಗಲೇ ಅರ್ಜಿಗಳನ್ನು ತರಿಸಿಟ್ಟಿದ್ದರು. ನಾನು ಅವನ್ನು ಡ್ರಾಯರಿಗೆ ಹಾಕಿದೆ.

ಡೈರಿಗಳಲ್ಲಿ ಐಸಾಕನ ಹೆಂಡತಿ ಹ್ಯಾನಾಳದೂ ಇತ್ತು. ಮಸಿ ಸಾಲದೆ ನೀರು ಬೆರೆಸಿದ, ಕಂದಿದ ಅಕ್ಷರ. ಭೂತಗನ್ನಡಿ ಹಿಡಿದು ಒಂದು ಪುಟಕ್ಕೆ ಒಂದು ಬೆಳಿಗ್ಗೆ ಹಿಡಿಯುತ್ತಿತ್ತು. ಕಾಲುವೆಯ ಪುಟ ಬಂತು. ಐಸಾಕ್ ಬೋಗುಣಿ ಇಟ್ಟು ಎರಡು ದಿನ ನೋಡಿದ, ಆಗಲಿಲ್ಲ ಎಂದು ಬರೆದಿದ್ದಳು. ಗಾಳಿಗೆ ನೀರು ನಿಲ್ಲುತ್ತಿರಲಿಲ್ಲ. ತೋಡಿದ ಕಾಲುವೆಯಲ್ಲಿ ನೀರು ಹತ್ತದೆ ಹಿಂದಕ್ಕೆ ಬಂತು. ಮೂರನೆಯ ದಿನ ಹಳ್ಳದಾಚೆ ಬಿಡಾರವಿದ್ದ ಮೂಲನಿವಾಸಿಗಳಲ್ಲಿ ಒಬ್ಬ ಮುದುಕ ಬಂದ. ನಗಲಿಲ್ಲ, ಮಾತಾಡಲಿಲ್ಲ. ಗೆಡ್ಡೆ ಅಗೆಯುವ ಕೋಲನ್ನು ನೆಲಕ್ಕೆ ಎಳೆಯುತ್ತಾ ಗುಡ್ಡದ ಮಗ್ಗುಲಲ್ಲಿ ನಡೆದ. ಗಂಡಸರು ಆ ಗೆರೆಯ ಮೇಲೆ ತೋಡಿಕೊಂಡು ಹೋದರು. ಸಂಜೆಗೆ ನೀರು ಬಂತು. ಅವನಿಗೆ ಎರಡು ರೊಟ್ಟಿ, ಐಸಾಕನ ಹಳೆಯ ಅಂಗಿ ಕೊಟ್ಟರು. ಹೆಸರು ಕೇಳಲು ಮರೆತೆವು ಎಂದು ಹ್ಯಾನಾ ಬರೆದಿದ್ದಾಳೆ. ಎಂಟು ಪುಟಗಳ ಮುಂದೆ ಇನ್ನೊಂದು ಸಾಲು: ಆ ಜನರನ್ನು ಕಾಲುವೆಯಿಂದ ಆಚೆಗೆ ಹೋಗಿ ಇರಲು ಹೇಳಲಾಯಿತು.

ಅವಳು ಬರೆದದ್ದನ್ನು ನಾನು ಮೂರು ಸಲ ಓದಿದೆ. ಕೋಲು ಎಳೆಯುತ್ತಾ ನಡೆದವನು ನನಗೆ ಗೊತ್ತಿದ್ದ. ಈ ಖುಷಿಯನ್ನು, ಹೌದು ಅದು ಖುಷಿಯೇ, ಹೇಳಿಕೊಳ್ಳಬೇಕೆನಿಸಿ ಆ ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ಕೆಂಚಯ್ಯನಂಥವನೊಬ್ಬ ಇಲ್ಲಿಯೂ ಇದ್ದನಂತೆ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೂಬಿಗೆ ಇಳಿಯುತ್ತಿದ್ದನಲ್ಲ ಅಂಥವನು ಎಂದೆ.

ಅಮ್ಮ ಕೇಳಿದಳು: "ಯಾರನ್ನ ಕೂರಿಸ್ಕೊಂಡಿದ್ದು?"

"ನನ್ನನ್ನಮ್ಮ. ಹೆಗಲ ಮೇಲೆ."

"ಯಾವ ಜನ್ಮದಲ್ಲೇ? ಅವನು ನಿನ್ನ ಮುಟ್ಟಿದ್ರೆ ನಿಮ್ ತಾತ ಸುಮ್ನೆ ಬುಡ್ತಿದ್ರಾ? ಚರ್ಮ ಸುಲಿದುಬುಡೋರು. ನಮ್ಮ ಅಂಗಳಕ್ಕೇ ಬಂದೋನಲ್ಲ ಅವ್ನು. ನೀನು ಏರಿ ಮೇಲೆ ನಿಂತಿರ್ತಿದ್ದೆ, ಅವ್ನು ಕೆಳಗೆ ನೀರಲ್ಲಿರ್ತಿದ್ದ."

"ಇಲ್ಲಮ್ಮ, ನಂಗೆ ಚೆನ್ನಾಗಿ ನೆನಪಿದೆ."

"ಏನ್ ನೆನಪಿದೆ? 'ಲೋ ಕೆಂಚ, ತೂಬೆತ್ಲಾ' ಅಂತ ಕೂಗ್ತಿದ್ದೆ ಎಂಟು ವರ್ಷದೋಳು. ತಾತನ ಗತ್ತು ಮೊಮ್ಮಗಳಿಗೆ ಬಂದೈತೆ ಅಂತ ಎಲ್ರೂ ನಗಾಡ್ತಿದ್ರು. ಅದು ನೆನಪಿಲ್ವಾ?"

ನೆನಪಿರಲಿಲ್ಲ. ಈಗಲೂ ಇಲ್ಲ. ಒದ್ದೆ ವಸ್ತ್ರದ ವಾಸನೆ ಮಾತ್ರ ಇದೆ. ಅದು ಯಾರದೋ, ಎಲ್ಲಿಂದ ಬಂತೋ ತಿಳಿಯದು. ನನ್ನ ಡೈರಿಗಳು ಹದಿನಾಲ್ಕನೆಯ ವಯಸ್ಸಿನಿಂದ ಈಚಿನವು. ಅದಕ್ಕೆ ಹಿಂದಿನದನ್ನು ಕೇಳಲು ನನ್ನ ಬಳಿ ಪುಸ್ತಕವಿಲ್ಲ. ಅಮ್ಮನದೂ ನೆನಪೇ ತಾನೆ ಎಂದು ಎರಡು ದಿನ ವಾದಿಸಿಕೊಂಡೆ. ಆದರೆ ಸುಳ್ಳು ನೆನಪು ಯಾವ ಕಡೆಗೆ ವಾಲುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವಳು ನಾನೇ: ನೆನಪಿಸಿಕೊಳ್ಳುವವನಿಗೆ ಹಿತವಾಗುವ ಕಡೆಗೆ.

ಮೂರನೆಯ ದಿನ ಹ್ಯಾನಾಳ ಪುಟದ ನಕಲು ಹಿಡಿದು ವರ್ಲಮ್ಮನ ಮನೆಗೆ ಹೋದೆ. ಸಭೆಯಲ್ಲಿ ಇದ್ದಕ್ಕಿದ್ದಂತೆ ಕೇಳುವುದಕ್ಕಿಂತ ಮೊದಲೇ ತಿಳಿಯಲಿ ಎಂದು. ಕೆಂಚಯ್ಯನ ಬಗ್ಗೆ ನಾನು ಹೇಳುತ್ತಿದ್ದದ್ದು ಸುಳ್ಳಾಗಿತ್ತು ಎಂಬುದನ್ನೂ ಹೇಳಬೇಕೆಂದುಕೊಂಡಿದ್ದೆ. ಅವರು ಪುಟವನ್ನು ಕನ್ನಡಕ ಹಾಕಿ ಓದಿದರು. ಬೋಗುಣಿ ಅವರ ತಲೆಯ ಹಿಂದೆ, ಬೆಂಕಿಗೂಡಿನ ಮೇಲೆ ಇತ್ತು.

"ನಮ್ಮಪ್ಪ ಸಾಯೋ ಹಿಂದಿನ ದಿನ ಈ ಬೋಗುಣಿ ತರಿಸ್ಕೊಂಡು ಎದೆ ಮೇಲೆ ಇಟ್ಕೊಂಡಿದ್ದ" ಎಂದರು. ಕಾಗದವನ್ನು ಮಡಿಚಿ ನನ್ನ ಕೈಗಿಟ್ಟರು. "ಈ ಊರಲ್ಲಿ ನಿನಗೆ ಬಾಗಿಲು ತೆಗೆದದ್ದು ನಾನು."

"ಹೌದು."

"ಸರಿ, ಹೋಗು."

ಕೆಂಚಯ್ಯನ ವಿಷಯ ಹೇಳಲಾಗಲಿಲ್ಲ.

ಆಮೇಲೆ ಅವರು ಕಾಫಿಯ ಹೊತ್ತಿಗೆ ಬರಲಿಲ್ಲ. ಮೂರು ಬುಧವಾರ ಹೀಗಾಯಿತು: ಹನ್ನೊಂದೂ ಹತ್ತಕ್ಕೆ, ಒಂದು ನಿಮಿಷ ಆಚೀಚೆಯಾಗದೆ, ಅವರ ಹಲಗೆ ಇಳಿಯುವ ಸದ್ದು. ಬಾಗಿಲು ತಟ್ಟುವುದಿಲ್ಲ. ಸನಿಕೆಯಿಂದ ಹಲಗೆಗೆ ಒಂದೇ ಪೆಟ್ಟು, ನನಗೆ ಕೇಳುವಷ್ಟು. ನಾನು ಹೊರಗೆ ಬರುವಷ್ಟರಲ್ಲಿ ಅವರ ಬೆನ್ನು. ಕೋಪದಲ್ಲಿ ನನ್ನ ಪಾಲಿನ ಅರ್ಧ ನಿಮಿಷವನ್ನೂ ಅವರು ಇಟ್ಟುಕೊಳ್ಳಲಿಲ್ಲ. ನೀರು ತುಂಬಿ ಬರುತ್ತಿತ್ತು. ಬದನೆ ಸಾಲಿನ ನಡುವೆ ನಿಂತು ನಾನು ಅಳುತ್ತಿದ್ದೆ.

"ಆ ಪುಟ ಬುಟ್ಟು ಬೇರೆ ಯಾವುದಾದ್ರೂ ಓದು ಗಿರಿಜಾ" ಎಂದರು ಮೂರ್ತಿ. "ಅವರ ಕಾಲುವೆ, ಅವರ ತಾತ. ನಿಂಗ್ಯಾಕೆ?"

ಅವರು ಹೇಳಿದ್ದು ತಪ್ಪೆನ್ನಲು ನನ್ನಲ್ಲಿ ಬಲವಿರಲಿಲ್ಲ. ನಮ್ಮೂರಿನ ತೂಬಿನ ಕಲ್ಲಿನ ಮೇಲೆ ನಮ್ಮ ತಾತನ ಹೆಸರನ್ನು ದೊಡ್ಡದಾಗಿ ಕೆತ್ತಿದೆ. ಆ ಕಲ್ಲಿಗೆ ಕೈ ಮುಗಿದು ಬೆಳೆದವಳು ಇನ್ನೊಬ್ಬರ ತಾತನ ಬೋಗುಣಿಗೆ ಕೈ ಹಾಕುತ್ತಿದ್ದೆ. ಆದರೆ ಬರೆದಿಟ್ಟದ್ದನ್ನು ಬಿಟ್ಟು ಓದುವುದೂ ನನ್ನ ಓದಿಗೆ ದ್ರೋಹ. ಓದಿದರೆ ಇರುವ ಒಬ್ಬ ಗೆಳತಿ ಹೋಗುತ್ತಾಳೆ, ಓದದಿದ್ದರೆ ನಾನೇ ಹೋಗುತ್ತೇನೆ ಎಂದು ಡೈರಿಯಲ್ಲಿ ಬರೆದಿದ್ದೇನೆ. ಈಗ ನೋಡಿದರೆ ಆ ಸಾಲು ಸ್ವಲ್ಪ ನಾಟಕದಂತೆ ಕಾಣುತ್ತದೆ.

ಹಬ್ಬದ ದಿನ ಚರ್ಚಿನ ಹುಲ್ಲುಹಾಸಿನ ಮೇಲೆ ಕುರ್ಚಿಗಳು. ಉದ್ದ ಮೇಜಿನ ಮೇಲೆ ಆಲೂಗಡ್ಡೆಯ ಪಲ್ಯದಂಥದ್ದು, ಹಸಿರು ಜೆಲ್ಲಿ, ನಾನು ಒಯ್ದಿದ್ದ ಚಿತ್ರಾನ್ನ. ಮೆರವಣಿಗೆ ಬಂದು ನಿಂತಿತು. ಬಿಷಪ್ಪರು ನನ್ನ ಹೆಸರು ಕರೆದರು. ನಾನು ಹ್ಯಾನಾಳ ಪುಟವನ್ನೇ ತೆಗೆದೆ. ಗವಿಯ ಚಳಿ ಓದಿದೆ. ಹಿಮ ಕರಗಿದ್ದು ಓದಿದೆ. ಐಸಾಕ್ ಬೋಗುಣಿ ಇಟ್ಟ ಸಾಲು ಓದಿದೆ. ಮುಂದಿನ ಸಾಲಿಗೆ ಕಣ್ಣು ಹೋಯಿತು. ಮುಂದಿನ ಕುರ್ಚಿಯಲ್ಲಿ ವರ್ಲಮ್ಮ ನನ್ನನ್ನೇ ನೋಡುತ್ತಿದ್ದರು, ತುಟಿ ಬಿಗಿಹಿಡಿದು. ನಾನು ಐದು ಸಾಲು ಹಾರಿಸಿದೆ. "ಸಂಜೆಗೆ ನೀರು ಬಂತು" ಎಂದು ಓದಿ ಕೂತೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂರು ವರ್ಷದಲ್ಲಿ ಮೊದಲ ಸಲ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನನ್ನು ಅಪ್ಪಿಕೊಂಡರು. ನಾನು ಬಯಸಿದ್ದು ಅದನ್ನೇ ಎಂದು ಆಗ ಗೊತ್ತಾಯಿತು.

ಮಾರನೆಯ ದಿನ ಬುಧವಾರ. ಹನ್ನೊಂದೂ ಹತ್ತಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ಓಡಿ ಹೋಗಿ ತೆಗೆದೆ.

"ನೀರು ನಿಂದು" ಎಂದರು ವರ್ಲಮ್ಮ. ಹೋಗಲಿಲ್ಲ. "ಆ ಮುದುಕ ಎಲ್ಲೋದ?"

"ನಿಮಗೆ ಬೇಜಾರಾಗಬಾರದು ಅಂತ..."

"ನನ್ ಬೇಜಾರು ನಂದು. ಅದನ್ನ ನಿನಗ್ಯಾರು ಕೊಟ್ಟರು? ಮೂ‌ರು ವಾರ ನಿದ್ದೆ ಬುಟ್ಟು, ಪ್ರಾರ್ಥನೆ ಮಾಡಿ, ಕೇಳೋಣ ಅಂತ ಬಂದು ಕೂತಿದ್ದೆ. ಬೋಗುಣಿ ಮನೇಲೇ ಬುಟ್ಟು ಬಂದಿದ್ದೆ. ಬರೀ ಕೈಯಲ್ಲಿ ಊರ ಮುಂದೆ ನಡೆದೆ, ಎಪ್ಪತ್ತೈದು ವರ್ಷದಲ್ಲಿ ಮೊದಲ್ನೇ ಸಲ. ನೀನು ನೋಡ್ಲೇ ಇಲ್ವಾ?"

ನಾನು ಒಳಗೆ ಹೋಗಿ ಹಿಂದಿನ ಸಂಜೆಯ ಡೈರಿ ತೆರೆದೆ. ನನ್ನದೇ ಅಕ್ಷರದಲ್ಲಿ, ಮೆರವಣಿಗೆಯಾದ ನಾಲ್ಕೈದು ಗಂಟೆಯೊಳಗೆ ಬರೆದದ್ದು: "ಎಂದಿನಂತೆ ಎಲ್ಲರ ಮುಂದೆ ವರ್ಲಮ್ಮ, ಕೈಯಲ್ಲಿ ಬೋಗುಣಿ."

ಆ ಸಾಲನ್ನು ನಾನು ಹೊಡೆದುಹಾಕಿಲ್ಲ. ಪುಟ ಹಾಗೆಯೇ ಇದೆ. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ, ಕಂಡೆನೆಂದೇ ಬರೆದೆ. ಬಾಲ್ಯದ ನೆನಪಿಗೆ ಪುಸ್ತಕವಿರಲಿಲ್ಲ, ಆದ್ದರಿಂದ ಅದು ಕೆಟ್ಟಿತು ಎಂದು ಸಮಾಧಾನ ಮಾಡಿಕೊಂಡಿದ್ದೆ. ಇಲ್ಲಿ ಪುಸ್ತಕವಿತ್ತು, ಕಣ್ಣಿತ್ತು, ಮಧ್ಯಾಹ್ನದ ಬಿಸಿಲಿತ್ತು.

ಹೊರಗೆ ಬಂದು ಅದನ್ನು ವರ್ಲಮ್ಮನಿಗೆ ಓದಿ ಹೇಳಿದೆ. ಆಮೇಲೆ ಕೆಂಚಯ್ಯನ ವಿಷಯ ಹೇಳಿದೆ. ಹೆಗಲ ಮೇಲೆ ಕೂತಿರಲಿಲ್ಲ ಎಂದೆ. "ಲೋ ಕೆಂಚ" ಎಂದು ಕೂಗುತ್ತಿದ್ದದ್ದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ, ಅಷ್ಟು ದೊಡ್ಡವರನ್ನು ನಾಯಿಯನ್ನು ಕರೆಯುವಂತೆ ಕರೆಯುತ್ತಿದ್ದೆ ಎಂದೆ. ಅವರು ಸನಿಕೆಗೆ ಒರಗಿ ನಿಂತು ಕೇಳಿದರು. ಸಮಾಧಾನ ಹೇಳಲಿಲ್ಲ.

"ನಿನ್ ನೀರು ಹೋಗ್ತಾ ಐತೆ" ಎಂದರು. "ಹಲಗೆ ಎತ್ತು."

ಮೂರು ವರ್ಷಕ್ಕೆಂದು ಹೋದವರು ಹತ್ತು ವರ್ಷ ದಾಟಿದರೂ ಅಲ್ಲಿಯೇ ಇದ್ದೇವೆ. ಅರ್ಜಿಗಳು ಡ್ರಾಯರಿನಲ್ಲೇ ಹಳದಿಯಾದವು. ಮುಂದಿನ ವರ್ಷದ ಹಬ್ಬದಲ್ಲಿ ನಾನು ಇಡೀ ಪುಟ ಓದಿದೆ. ಈ ಸಲ ಯಾರೂ ಎದ್ದು ನಿಲ್ಲಲಿಲ್ಲ. ಕೆಲವರು ಆಮೇಲೆ ಬಹಳ ಕಾಲ ನನ್ನನ್ನು ಮಾತಾಡಿಸಲಿಲ್ಲ, ಒಬ್ಬಿಬ್ಬರು ಈಗಲೂ ಮಾತಾಡಿಸುವುದಿಲ್ಲ. ವರ್ಲಮ್ಮ ತಮ್ಮ ಕುರ್ಚಿಯಲ್ಲಿ ಕೊನೆಯವರೆಗೆ ಕೂತಿದ್ದರು. ಹಾಗೆಂದು ನನ್ನ ಡೈರಿಯಲ್ಲಿದೆ. ಆ ಸಲ ಮೂರ್ತಿಯನ್ನೂ ಕೇಳಿ ಬರೆದೆ.

೨೦೦೪ರ ಚಳಿಗಾಲದಲ್ಲಿ ವರ್ಲಮ್ಮ ತೀರಿಕೊಂಡರು. ಬೋಗುಣಿಯನ್ನು ಗ್ರಂಥಾಲಯಕ್ಕೆ ಕೊಡಬೇಕೆಂದು ಬರೆದಿಟ್ಟಿದ್ದರು. ಅದರೊಳಗೆ ಅವರೇ ಬರೆದ ಒಂದು ಚೀಟಿಯಿತ್ತು. ಈಗ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಬೋಗುಣಿಯ ಮುಂದೆಯೇ ಇಟ್ಟಿದ್ದೇವೆ: "ಐಸಾಕನ ಹಾಲಿನ ಬೋಗುಣಿ. ಎರಡು ದಿನ ನೋಡಿದರು, ಆಗಲಿಲ್ಲ. ದಾರಿ ತೋರಿಸಿದವರ ಹೆಸರು ನಾವು ಕೇಳಲಿಲ್ಲ."

ಮುಂದಿನ ವರ್ಷ ತವರೂರಿಗೆ ಬಂದಾಗ ಅಮ್ಮನ ಜೊತೆ ಕೆರೆ ಏರಿಯ ಮೇಲೆ ಹೋದೆ. ಬೋರ್‌ವೆಲ್ಲುಗಳು ಬಂದ ಮೇಲೆ ತೂಬನ್ನು ಯಾರೂ ಎತ್ತುವುದಿಲ್ಲ. ಮೆಟ್ಟಿಲುಗಳ ಮೇಲೆ ಪಾಚಿ. ಕಲ್ಲಿನ ಮೇಲೆ ತಾತನ ಹೆಸರು ಸ್ಪಷ್ಟವಾಗಿದೆ, ಯಾರೋ ಈಚೆಗೆ ಬಣ್ಣ ತುಂಬಿಸಿದ್ದಾರೆ. ಕೆಂಚಯ್ಯನ ಮನೆಯವರು ಬೆಳ್ಳಾವಿ ಕಡೆ ಹೋದರೆಂದು ಒಬ್ಬರು, ತುಮಕೂರಿಗೆ ಹೋದರೆಂದು ಇನ್ನೊಬ್ಬರು ಹೇಳಿದರು. ಯಾರೂ ವಿಳಾಸ ಕೇಳಿಟ್ಟುಕೊಂಡಿಲ್ಲ.

"ಈಗ ಅವರನ್ನ ಹುಡುಕಿ ಏನ್ ಮಾಡ್ತೀಯ?" ಎಂದಳು ಅಮ್ಮ. "ಆಗ ಎಲ್ರೂ ಹಂಗೇ ಇದ್ರು. ನಡಿ, ಬಿಸ್ಲು."

ಏರಿಯ ಮೇಲೆ ನಿಂತು ನಾನು ಕೈಗಡಿಯಾರ ನೋಡಿಕೊಂಡೆ. ಬುಧವಾರ ಹನ್ನೊಂದೂ ಹತ್ತು ಎಂದರೆ ಈಗಲೂ ಬಾಗಿಲಿನ ಕಡೆಗೆ ಕಿವಿ ಹೋಗುತ್ತದೆ. ಅಲ್ಲಿದ್ದಾಗ ಈ ತೂಬು, ಇಲ್ಲಿದ್ದಾಗ ಆ ಹಲಗೆ. ಅಲ್ಲಿಯ ಕೆಲವರಿಗೆ ನಾನು ಎಂದಿಗೂ ಕಾಲುವೆಯಾಚೆಯವಳು. ಇಲ್ಲಿ ನಾನು ಏರಿಯ ಮೇಲಿನವಳು. ಇವೆರಡರಲ್ಲಿ ನನ್ನ ಜಾಗ ಯಾವುದೆಂದು ಕೇಳಿದರೆ ಹೇಳಲು ಬರುವುದಿಲ್ಲ.

ತೂಬಿನ ಕಲ್ಲಿಗೆ ನಾನು ಯಾವ ಚೀಟಿಯನ್ನೂ ಅಂಟಿಸಿ ಬರಲಿಲ್ಲ. ಇದನ್ನು ಗೂಳೂರಿನ ಕಡೆಯವರು ಓದುತ್ತಾರೆ, ಅಮ್ಮನೂ ಓದುತ್ತಾಳೆ. ಆದ್ದರಿಂದ ಇಲ್ಲಿ ಬರೆಯುತ್ತೇನೆ. ನಮ್ಮ ಕೆರೆಯ ನೀರು ಬಿಡುತ್ತಿದ್ದವರು ಕೆಂಚಯ್ಯ. ಅವರು ನನ್ನನ್ನು ಹೊತ್ತಿರಲಿಲ್ಲ. ನಾನು ಏರಿಯ ಮೇಲೆ ನಿಂತು ಕೂಗುತ್ತಿದ್ದೆ. ಅವರು ಕೆಳಗೆ ನೀರಿನಲ್ಲಿದ್ದರು.